ಜೋಡಿ ಸೈಕಲ್‌ನ ಮುಂದಿನ ಸೀಟು

ಬಂಡ್ರಿ ಬಿಟ್ಟಾಗ ವ್ಯಾನಿನಲ್ಲಿ ಡಬ್ಬಿ ತುಂಬ ಬ್ರೇಕ್ ರಬ್ಬರ್ ಇತ್ತು. ಸಂಡೂರು ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಆಗಲೇ ನನಗೆ ಈ ದಿನ ಸುಲಭದ್ದಲ್ಲ ಅನ್ನಿಸಿತು.

ಚಿತ್ರದುರ್ಗದಿಂದ ಬೀದರಿನವರೆಗೆ ಹೊರಟಿದ್ದ ಆ ಸೈಕಲ್ ತಂಡಕ್ಕೆ ನಾನು ಮೆಕ್ಯಾನಿಕ್. ಹೊಸಪೇಟೆಯಲ್ಲಿ ನನ್ನದೊಂದು ಸೈಕಲ್ ಅಂಗಡಿ ಇದೆ. ಹೆಂಗಸು ನಟ್ಟು ಬಿಚ್ಚುವ ಪಾನಾ ಹಿಡಿದು ಕೂತಿರುವುದನ್ನು ನೋಡಿ ಹೊಸಬರು ಒಂದು ಗಳಿಗೆ ತಡವರಿಸುತ್ತಾರೆ, ಆಮೇಲೆ ಸುಮ್ಮನೆ ಸೈಕಲ್ ಒರಗಿಸುತ್ತಾರೆ. ಈ ತಂಡದವರೂ ಹಾಗೇ. ಮೊದಲ ದಿನ ಅನುಮಾನ, ಎರಡನೆಯ ದಿನದಿಂದ "ಅಕ್ಕಾ, ಇದೊಂಚೂರು ನೋಡ್ರಿ." ಹತ್ತು ಹನ್ನೆರಡು ಮಂದಿ ಸವಾರರು, ಹುಬ್ಬಳ್ಳಿ ಕಡೆಯ ಒಬ್ಬ ಲೀಡರ್, ಸಾಮಾನು ಹೊತ್ತ ವ್ಯಾನು, ಅದರ ಡ್ರೈವರ್, ಮತ್ತು ನಾನು. ನನ್ನ ಜಾಗ ವ್ಯಾನಿನಲ್ಲಿ, ಎಲ್ಲರ ಹಿಂದೆ.

ತಂಡದಲ್ಲಿ ಒಂದು ಜೋಡಿ ಸೈಕಲ್ ಇತ್ತು. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಉದ್ದನೆಯ ಸೈಕಲ್. ಮುಂದಿನ ಸೀಟಿನಲ್ಲಿ ಬಳ್ಳಾರಿಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರು, ಹಿಂದೆ ಅವರ ಹೆಂಡತಿ. ಹೆಂಡತಿ ಶಾಲೆಯಲ್ಲಿ ಟೀಚರ್. ಅವರಿಗೆ ಕಣ್ಣು ಕಾಣುವುದಿಲ್ಲ. ಯಜಮಾನರು ಹ್ಯಾಂಡಲ್ ಹಿಡಿದು ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡುತ್ತಿದ್ದರು: "ಹಂಪ್ ಬಂತು. ಎಡಕ್ಕ ತಿರುವು. ಬಲಗಡೆ ಜ್ವಾಳದ ಹೊಲ." ಟೀಚರ್ ಕೇಳಿಸಿಕೊಳ್ಳುತ್ತ, ಆಗಾಗ ಒಂದು ಪ್ರಶ್ನೆ ಹಾಕುತ್ತ, ಗಟ್ಟಿಯಾಗಿ ತುಳಿಯುತ್ತಿದ್ದರು. ಆ ಸೈಕಲ್ ಓಡುತ್ತಿದ್ದದ್ದು ಹೆಚ್ಚಾಗಿ ಹಿಂದಿನ ಸೀಟಿನ ಬಲದ ಮೇಲೆ ಎಂದು ಸವೆದ ಪೆಡಲ್ ನೋಡಿಯೇ ಹೇಳಬಹುದಿತ್ತು.

ಬೆಳಗಿನ ಜಾವವೇ ಮಳೆ ಹಿಡಿದಿತ್ತು. ಅವತ್ತಿನ ದಾರಿ ಬಂಡ್ರಿಯಿಂದ ಸಂಡೂರು, ಅಲ್ಲಿಂದ ಗುಡ್ಡ ದಾಟಿ ಹೊಸಪೇಟೆ, ಕಮಲಾಪುರದ ಮೇಲೆ ಹಾಯ್ದು ಕಂಪ್ಲಿ. ನಮ್ಮ ಕಡೆಯ ಮಳೆಗೆ ಬೇರೆ ಊರಿನವರಿಗೆ ಗೊತ್ತಿಲ್ಲದ ಒಂದು ಗುಣವಿದೆ. ಅದಿರು ಲಾರಿಗಳು ವರ್ಷವಿಡೀ ಉದುರಿಸಿದ ಕೆಂಪು ಪುಡಿ ರಸ್ತೆಯ ಅಂಚಿನಲ್ಲಿ ಕೂತಿರುತ್ತದೆ. ನೀರು ಬಿದ್ದರೆ ಅದು ರಾಡಿಯಾಗಿ ಚಕ್ರಕ್ಕೆ ಹತ್ತುತ್ತದೆ, ಚಕ್ರದಿಂದ ರಿಮ್ಮಿಗೆ. ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ರಬ್ಬರು ರಿಮ್ಮಿನ ಮೇಲಲ್ಲ, ಉಪ್ಪುಕಾಗದದ ಮೇಲೆ ಉಜ್ಜಿದಂತೆ. ತಿಂಗಳುಗಟ್ಟಲೆ ಬರುವ ರಬ್ಬರು ಒಂದು ಬೆಳಗ್ಗೆ ಮುಗಿದುಹೋಗುತ್ತದೆ. ಒಳಗಿನ ಲೋಹ ರಿಮ್ಮಿಗೆ ತಾಗಿ ಕರಕರ ಸದ್ದು ಬರತೊಡಗಿದರೆ ಸವಾರ ಹೆದರುತ್ತಾನೆ, ಹೆದರಿ ಇನ್ನೂ ಜೋರಾಗಿ ಹಿಡಿಯುತ್ತಾನೆ.

ನಾನು ದಾರಿಯಲ್ಲಿ ಎರಡು ಕಡೆ ಎಲ್ಲರನ್ನೂ ನಿಲ್ಲಿಸಿದೆ. ಬಾಟಲಿ ನೀರು ಹೊಯ್ದು ರಿಮ್ ತೊಳೆದು, ಚೈನ್ ಒರೆಸಿ ಎಣ್ಣೆ ಬಿಟ್ಟು, ಸವೆದ ರಬ್ಬರು ಬದಲಿಸಿದೆ. ಜೋಡಿ ಸೈಕಲ್‌ಗೆ ಇಬ್ಬರ ಭಾರ. ಅದರದ್ದು ಎಲ್ಲರಿಗಿಂತ ಬೇಗ ಸವೆದಿತ್ತು. ಕೆಲಸ ಮಾಡುತ್ತಿದ್ದಾಗ ಟೀಚರ್ ಪಕ್ಕದಲ್ಲಿ ನಿಂತು ಹೆಲ್ಮೆಟ್ ತೆಗೆದು ನೀರು ಕೊಡವಿದರು.

"ತಂಗಿ, ಈ ಮಳಿ ನನ್ನ ಕಿವಿ ಮುಚ್ಚಿಬಿಟ್ಟೈತಿ ನೋಡು" ಅಂದರು. "ಹೆಲ್ಮೆಟ್ ಮ್ಯಾಲ ಟಪಟಪ ಅನ್ನೋದು ಬಿಟ್ರ ಬ್ಯಾರೆ ಏನೂ ಕೇಳವಲ್ದು. ಲಾರಿ ಮೈಮ್ಯಾಲ ಬಂದಾಗಲೇ ಗೊತ್ತಾಗಾಕತ್ತೈತಿ."

"ಹೆದ್ರಿಕಿ ಆಗಾಕತ್ತೈತೇನ್ರಿ ಅಕ್ಕಾರ?"

"ಆಗ್ತೈತಿ. ಅವರಿಗೆ ಹೇಳಬ್ಯಾಡ ಮತ್ತ. ವ್ಯಾನ್ ಹತ್ತು ಅಂತಾರ."

ಸಂಡೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಮುಂದೆ ಒಂದು ಚಹಾ ಅಂಗಡಿ, ಅದರ ಎದುರು ಹಂಪು. ಕೆಂಪು ನೀರು ನಿಂತು ಹಂಪು ಮುಳುಗಿಹೋಗಿತ್ತು. ನಮ್ಮ ವ್ಯಾನಿನಿಂದ ನೋಡುತ್ತಿದ್ದಂತೆಯೇ ಜೋಡಿ ಸೈಕಲ್‌ನ ಮುಂದಿನ ಚಕ್ರ ಎಗರಿತು, ಹ್ಯಾಂಡಲ್ ಅಡ್ಡ ತಿರುಗಿತು, ಉದ್ದನೆಯ ಸೈಕಲ್ ನಿಧಾನವಾಗಿ ಎಡಕ್ಕೆ ವಾಲಿ ಬಿತ್ತು. ವೇಗ ಹೆಚ್ಚಿರಲಿಲ್ಲ. ಆದರೆ ಯಜಮಾನರು ಎಡಗೈ ಊರಿಕೊಂಡು ಬಿದ್ದರು.

ಓಡಿಹೋದೆವು. ಟೀಚರಿಗೆ ಮೊಣಕೈ ತರಚಿತ್ತು, ಅಷ್ಟೇ. ಅವರು ಎದ್ದು ಕೂತು ಎರಡೂ ಕೈಯಿಂದ ಗಂಡನನ್ನು ತಡಕುತ್ತ "ಎಲ್ಲಿ ಪೆಟ್ಟ ಹತ್ತೈತ್ರಿ? ಮಾತಾಡ್ರಿ" ಅನ್ನುತ್ತಿದ್ದರು. ಯಜಮಾನರು "ಏನಿಲ್ಲ, ಏನಿಲ್ಲ" ಅನ್ನುತ್ತ ಮುಖ ಕಿವುಚಿಕೊಂಡಿದ್ದರು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸುವಷ್ಟರಲ್ಲಿ ಮಣಿಕಟ್ಟು ಊದಿಕೊಂಡಿತು. ಅಂಗಡಿಯಾತ ಹಳೇ ಪಂಚೆಯ ಚೂರು ಹರಿದುಕೊಟ್ಟ. ಲೀಡರ್ ರಟ್ಟಿನ ತುಂಡಿಟ್ಟು ಕಟ್ಟಿದ.

"ಎಕ್ಸ್‌ರೇ ಆಗಬೇಕು. ವ್ಯಾನಿನಾಗ ಹೊಸಪ್ಯಾಟಿಗೆ ಹೋಗ್ರಿ, ಇಬ್ರೂ" ಅಂದ ಲೀಡರ್.

ಮುಂದೆ ಓಡಿಸುವವರಿಲ್ಲದೆ ಜೋಡಿ ಸೈಕಲ್ ಹೊರಡುವಂತಿಲ್ಲ. ಅದು ವ್ಯಾನಿನೊಳಗೆ ಹಿಡಿಸುವುದೂ ಇಲ್ಲ, ಮೇಲೆ ಕಟ್ಟಬೇಕು. ನಾನು ಹಗ್ಗ ತರಲು ಹೋದೆ. ಹಿಂದಿನಿಂದ ಟೀಚರ್ ಕರೆದರು.

"ತಂಗಿ, ನಿಂಗ ಈ ಸೈಕಲ್ ಓಡಸಾಕ ಬರತೈತೇನು?"

ಬರುತ್ತದೆ ಎಂದರೂ ಸುಳ್ಳು, ಬರುವುದಿಲ್ಲ ಎಂದರೂ ಸುಳ್ಳು. ದುರಸ್ತಿ ಆದಮೇಲೆ ಪರೀಕ್ಷೆಗೆಂದು ಒಬ್ಬಳೇ ಓಡಿಸಿದ್ದೆ. ಒಮ್ಮೆ ಡ್ರೈವರನ್ನು ಹಿಂದೆ ಕೂರಿಸಿ ಒಂದು ಸುತ್ತು ಹಾಕಿದ್ದೆ. ಕಣ್ಣು ಕಾಣದವರನ್ನು ಕೂರಿಸಿಕೊಂಡು, ಲಾರಿಗಳ ನಡುವೆ, ಮಳೆಯಲ್ಲಿ? ಎದುರಿಗೇ ಘಾಟಿಯ ಇಳಿಜಾರು. ಡಬ್ಬಿಯಲ್ಲಿ ಒಂದೂ ಹೊಸ ರಬ್ಬರ್ ಉಳಿದಿರಲಿಲ್ಲ.

"ಇಲ್ರಿ ಅಕ್ಕಾರ. ನನ್ನ ಕೈಲಿ ಆಗಂಗಿಲ್ಲ" ಅಂದೆ.

ಯಜಮಾನರು ಬೆಂಚಿನಿಂದಲೇ "ಆಕಿ ಹೇಳೋದು ಖರೇ ಐತಿ. ಹಟ ಬ್ಯಾಡ, ಹತ್ತು" ಅಂದರು.

ಟೀಚರ್ ವಾದಿಸಲಿಲ್ಲ. ಸೈಕಲ್ ಕಡೆ ಕೈ ಚಾಚಿ, ಹಿಂದಿನ ಸೀಟು ಹುಡುಕಿ, ಅದರ ಮೇಲಿನ ಕೆಸರನ್ನು ಅಂಗೈಯಿಂದ ಒರೆಸತೊಡಗಿದರು. ನಾನು ಹಗ್ಗ ಹಿಡಿದುಕೊಂಡು ನಿಂತೆ. ಅಷ್ಟರಲ್ಲಿ ಲೀಡರ್ ಬಂದು ಉಳಿದವರ ಬ್ರೇಕ್ ಹೇಗಿದೆ ಎಂದು ಕೇಳಿದ. ಒಂದೊಂದೇ ಸೈಕಲ್ ನೋಡಿದೆ. ಮೂರು ನಾಲ್ಕು ಸೈಕಲ್ ಮಾತ್ರ ಇಳಿಜಾರಿಗೆ ಲಾಯಕ್ಕಿದ್ದವು.

"ಹಂಗಾದ್ರ ಘಾಟಿ ಎಲ್ಲಾರೂ ನಡದ ಇಳಿಯೋಣು" ಅಂದ ಲೀಡರ್. "ಒಬ್ಬರೂ ಸೈಕಲ್ ಹತ್ತೋ ಹಂಗಿಲ್ಲ."

ಆ ಮಾತು ನನಗೆ ದಾರಿ ಕೊಟ್ಟಿತು. ಹಗ್ಗವನ್ನು ವ್ಯಾನಿಗೆ ಎಸೆದೆ.

"ಅಕ್ಕಾರ, ತುಳಿಯೋ ಮಾತು ಹೊಸಪ್ಯಾಟ್ಯಾಗ ನೋಡೋಣು. ಇಲ್ಲಿಂದ ನಡಿಯೋದಂತೂ ಐತಿ. ನಾ ಮುಂದ ಹಿಡೀತೀನಿ, ನೀವು ಹಿಂದ ಹಿಡೀರಿ."

ಯಜಮಾನರು ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದು, ನೋವಿಗೋ ಏನೋ ಮುಚ್ಚಿಕೊಂಡರು. ವ್ಯಾನು ಅವರನ್ನು ಹತ್ತಿಸಿಕೊಂಡು ಮುಂದೆ ಹೋಯಿತು.

ಘಾಟಿ ಇಳಿಯುವಾಗ ನಾವು ರಸ್ತೆಯ ಎಡ ಅಂಚಿಗೆ ಸಾಲುಗಟ್ಟಿದ್ದೆವು. ಪ್ರತಿಯೊಬ್ಬರ ಪಕ್ಕದಲ್ಲೂ ಒಂದೊಂದು ಸೈಕಲ್, ಎಲ್ಲರ ಮೊಣಕಾಲಿನವರೆಗೂ ಒಂದೇ ಬಣ್ಣ. ಎದುರು ಏರುತ್ತಿದ್ದ ಲಾರಿಯೊಂದು ನಿಧಾನ ಮಾಡಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಏನ್ರೀ, ಎಲ್ಲಾರ ಗಾಡಿನೂ ಒಮ್ಮೆಲೇ ಪಂಕ್ಚರ್ ಆಗ್ಯಾವೇನು?"

ಬೆಳಗ್ಗೆಯಿಂದ ಮೊದಲ ಸಲ ಟೀಚರ್ ನಕ್ಕರು. ನಗು ನಿಂತಮೇಲೆ ಅವರೇ ಮಾತು ತೆಗೆದರು.

"ನಾ ಕಾಲೇಜಿಗೆ ಸೈಕಲ್ ಮ್ಯಾಲೇ ಹೋಗಾಕಿ. ಕಣ್ಣು ಆಮ್ಯಾಲ ಹೋದ್ವು, ಸಾವಕಾಶ. ಎಲ್ಲಾದಕ್ಕೂ ಒಗ್ಗಿಕೊಂಡ್ಯಾ. ಆದ್ರ ಊರಿಂದ ಊರಿಗೆ ಹೋಗೋದೈತಲ್ಲ, ಅದಕ್ಕ ಒಗ್ಗಲಿಲ್ಲ. ಬಸ್ಸಿನ್ಯಾಗ, ಕಾರಿನ್ಯಾಗ ಕುಂತ್ರ ನಂಗ ಎಲ್ಲಾ ಊರೂ ಒಂದ. ಹತ್ತಿದೆ, ಇಳಿದೆ, ಅಷ್ಟ. ಸೈಕಲ್ ಮ್ಯಾಲ ಹಂಗಲ್ಲ. ಏರು ಬಂತಂದ್ರ ಕಾಲಿಗೆ ಗೊತ್ತಾಕೈತಿ. ಇಳಿಜಾರು ಬಂತಂದ್ರ ಮಾರಿಗೆ ಗಾಳಿ ಬಡೀತೈತಿ. ಈಗ ಸಂಡೂರು ಅಂದ್ರ ನಂಗೊಂದು ಸಂಡೂರು ಐತಿ."

ಬೆಳಗ್ಗೆ ಅವರು ಕೇಳಿದ್ದು ಬರೀ ಹಟವಲ್ಲ ಎಂಬುದು ಅರ್ಥವಾಯಿತು. ಅವರನ್ನು ವ್ಯಾನಿಗೆ ಹತ್ತಿಸಿದ್ದರೆ ಮುಂದಿನ ಊರುಗಳೆಲ್ಲ ಅವರ ಪಾಲಿಗೆ ಇಲ್ಲವಾಗುತ್ತಿದ್ದವು. ಇಳಿಜಾರು ಮುಗಿಯುವ ಹೊತ್ತಿಗೆ ನಾನು ಲೆಕ್ಕ ಹಾಕತೊಡಗಿದ್ದೆ. ಹೊಸಪೇಟೆಯಿಂದ ಕಂಪ್ಲಿಗೆ ಘಾಟಿಯಿಲ್ಲ. ಅದಿರು ಲಾರಿಗಳ ಕಾಟವಿಲ್ಲ. ಅಂಗಡಿಯಲ್ಲಿ ಹೊಸ ರಬ್ಬರುಗಳಿವೆ. ಉಳಿದದ್ದು ನನ್ನ ಹೆದರಿಕೆ.

ಹಾಗೇ ನಡೆದು ಹೊಸಪೇಟೆ ಮುಟ್ಟಿ ಅಂಗಡಿಯ ಬಾಗಿಲು ಎತ್ತಿದೆ. ತಂಡದವರು ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತ ಕೂತರು. ನಾನು ಎಲ್ಲ ಸೈಕಲ್‌ಗಳಿಗೂ ರಬ್ಬರ್ ಹಾಕಿ, ಜೋಡಿ ಸೈಕಲನ್ನು ಕೊನೆಗೆ ಎತ್ತಿಕೊಂಡೆ. ರಿಮ್ಮಿನ ಮೇಲೆ ಬೆರಳಾಡಿಸಿದರೆ ಗೀರುಗಳು ಸಿಕ್ಕವು, ಆಳವಿರಲಿಲ್ಲ. ನಲ್ಲಿಯ ನೀರಿನಲ್ಲಿ ತೊಳೆದು ಒರೆಸಿ, ಹೊಸ ರಬ್ಬರ್ ಕೂರಿಸಿ, ಎರಡೂ ಬ್ರೇಕುಗಳ ತಂತಿ ಬಿಗಿ ಮಾಡಿದೆ. ಜೋಡಿ ಸೈಕಲ್‌ಗೆ ಎರಡು ಚೈನು. ಒಂದು ಎಲ್ಲ ಸೈಕಲ್‌ಗಳಲ್ಲಿ ಇರುವಂಥದ್ದೇ. ಇನ್ನೊಂದು ಮುಂದಿನ ಪೆಡಲಿಗೂ ಹಿಂದಿನ ಪೆಡಲಿಗೂ ನಂಟು ಹಾಕುವಂಥದ್ದು. ಅದರಿಂದಾಗಿ ಒಬ್ಬರ ಕಾಲು ಮೇಲಿದ್ದರೆ ಇನ್ನೊಬ್ಬರದೂ ಮೇಲೆ, ಒಬ್ಬರು ನಿಲ್ಲಿಸಿದರೆ ಇಬ್ಬರೂ ನಿಲ್ಲಬೇಕು. ಅದನ್ನೂ ಬಿಗಿ ಮಾಡಿದೆ. ಆಮೇಲೆ ಮುಂದಿನ ಸೀಟನ್ನು ನನ್ನ ಎತ್ತರಕ್ಕೆ ಇಳಿಸಿದೆ. ಪಾನಾದ ಸದ್ದು ಕೇಳಿ ಟೀಚರ್ ತಲೆ ಎತ್ತಿದರು.

"ಸೀಟ್ ಇಳಸಾಕತ್ತೀಯೇನು?"

"ಹೌದ್ರಿ. ಮೊದಲು ಒಂದ್ ಸುತ್ತು ನೋಡೋಣು. ಆಗಲಿಲ್ಲಂದ್ರ ಆಗಂಗಿಲ್ಲ ಅಂತೀನಿ. ನೀವು ಬ್ಯಾಸರ ಮಾಡ್ಕೊಬಾರ್ದು."

ಮಾರುಕಟ್ಟೆ ಸಮಿತಿಯ ಪ್ರಾಂಗಣಕ್ಕೆ ಹೋದೆವು. ಮಳೆಗೆ ಅಲ್ಲಿ ವ್ಯಾಪಾರವಿರಲಿಲ್ಲ, ಉದ್ದಕ್ಕೂ ಖಾಲಿ ಸಿಮೆಂಟು ನೆಲ. ಟೀಚರ್ ಹಿಂದೆ ಕೂತರು. ನಾನು ಮುಂದೆ ಕೂತು ತುಳಿದೆ. ಎರಡು ಸುತ್ತು ಪೆಡಲ್ ತಿರುಗುವಷ್ಟರಲ್ಲಿ ಹ್ಯಾಂಡಲ್ ಹಾವಿನಂತೆ ಆಡಿತು. ಇಬ್ಬರೂ ಕಾಲು ಊರಿದೆವು.

"ನೀ ಹೊಂಟಿದ್ದು ನಂಗ ಗೊತ್ತಾ ಆಗಲಿಲ್ಲ" ಅಂದರು ಟೀಚರ್. "ಹೇಳಿದ ಮ್ಯಾಲ ಮಾಡು. ಮಾಡಿದ ಮ್ಯಾಲ ಹೇಳಬ್ಯಾಡ."

ಮತ್ತೆ ಹತ್ತಿದೆವು. "ಎಡಗಾಲು ಮ್ಯಾಲ. ಹೊಂಟೆ" ಅಂದೆ. ಈ ಸಲ ಸ್ವಲ್ಪ ದೂರ ಹೋದೆವು. ತಿರುವಿನಲ್ಲಿ ನನ್ನ ಕೈ ಬಿಗಿದು ಸೈಕಲ್ ಗೋಡೆಯ ಕಡೆ ಹೊರಟಿತು. ಬ್ರೇಕ್ ಹಿಡಿದೆ. ಹೇಳದೆ ಹಿಡಿದೆ. ಟೀಚರ್ ನನ್ನ ಬೆನ್ನಿಗೆ ಬಂದು ಬಡಿದರು.

ಅಷ್ಟು ಹೊತ್ತಿಗೆ ನಮ್ಮ ವ್ಯಾನು ಪ್ರಾಂಗಣದೊಳಗೆ ಬಂತು. ಯಜಮಾನರು ಇಳಿದರು. ಎಡಗೈಗೆ ಪ್ಲಾಸ್ಟರು, ಕೊರಳಿಗೆ ಜೋಲಿ. ಎಲುಬಿನಲ್ಲಿ ಸಣ್ಣ ಬಿರುಕು, ಒಂದು ತಿಂಗಳು ಕೈ ಆಡಿಸುವಂತಿಲ್ಲ ಎಂದಿದ್ದರಂತೆ ಡಾಕ್ಟರು. ನಮ್ಮನ್ನು ನೋಡಿ ಅವರ ಮುಖ ಕೆಂಪಾಯಿತು.

"ಏನಿದು? ಒಂದ್ ಕೈ ಮುರಿದಿದ್ದು ಸಾಲಲಿಲ್ಲೇನು? ಇಳಿ ಮೊದಲ."

ಟೀಚರ್ ಇಳಿಯಲಿಲ್ಲ. ಮೆಲ್ಲಗೆ ನನಗೆ ಹೇಳಿದರು: "ಇನ್ನೊಂದ್ ಸುತ್ತು."

ಆಗ ಏನು ಮಾಡಬೇಕು ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಯಜಮಾನರು ಹೇಳುವುದರಲ್ಲಿ ನ್ಯಾಯವಿತ್ತು. ಹಿಂದೆ ಕೂತವರಿಗೆ ಏನಾದರೂ ಆದರೆ ಹೊಣೆ ನನ್ನದೇ. ಆದರೆ ಹಿಂದಿನ ಸೀಟಿನವರು ತಮ್ಮ ಅಪಾಯ ಎಷ್ಟು ಎಂದು ತಿಳಿಯದವರೇನಲ್ಲ. ಬೆಳಗ್ಗೆ ಬಿದ್ದು ಎದ್ದವರು. ಬೇಡ ಅನ್ನುವ ಹಕ್ಕು ನನಗಿತ್ತು, ಅವರ ಪರವಾಗಿ ಹೆದರುವ ಹಕ್ಕು ಇರಲಿಲ್ಲ.

"ಎಡಗಾಲು ಮ್ಯಾಲ. ಹೊಂಟೆ."

ಸುತ್ತು ಹೊರಟಿತು. ತಿರುವು ಹತ್ತಿರ ಬಂದಂತೆ ಮತ್ತೆ ಹ್ಯಾಂಡಲ್ ಅಲುಗಾಡಿತು. ಹಿಂದಿನಿಂದ ಯಜಮಾನರ ದನಿ ಕೇಳಿಸಿತು.

"ಹೆಗಲು ಬಿಗಿ ಹಿಡೀಬ್ಯಾಡ್ರಿ! ಬಿಡ್ರಿ, ಸಡಿಲ ಬಿಡ್ರಿ! ದೂರ ನೋಡ್ರಿ, ಚಕ್ರ ನೋಡಬ್ಯಾಡ್ರಿ!"

ಹೆಗಲು ಸಡಿಲ ಬಿಟ್ಟೆ. ಸೈಕಲ್ ತಾನಾಗಿಯೇ ತಿರುಗಿತು. ಇನ್ನೊಂದು ಸುತ್ತು, ಮತ್ತೊಂದು. ಯಜಮಾನರು ಮಳೆಯಲ್ಲಿ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಪ್ರಾಂಗಣದ ನಡುವೆ ನಿಂತು ಕೂಗುತ್ತಲೇ ಇದ್ದರು: "ತಿರುವಿಗಿಂತ ಮೊದಲ ಪೆಡಲ್ ನಿಲ್ಲಸ್ರಿ. ಆಕಿಗೆ ಹೇಳ್ರಿ. ಹಾಂ, ಹಂಗ." ಸಾಕು ಎಂದು ನಿಂತಾಗ ಅವರು ಹತ್ತಿರ ಬಂದು ಹೊಸ ಬ್ರೇಕನ್ನು ಬಲಗೈಯಿಂದ ಎರಡು ಸಲ ಒತ್ತಿ ನೋಡಿದರು. "ನಾ ವ್ಯಾನಿನಾಗ ಬೆನ್ನ ಹಿಂದೇ ಇರ್ತೀನಿ" ಅಂದರು. ಒಪ್ಪಿಗೆ ಎಂದರೆ ಅದೇ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಟೆವು. ಕಮಲಾಪುರದವರೆಗೆ ನಾನು ಬಾಯಿ ಮುಚ್ಚಲಿಲ್ಲ. ಹಂಪು, ಗುಂಡಿ, ಬಸ್ಸು, ಕುರಿ ಹಿಂಡು. ಕಮಲಾಪುರ ದಾಟಿದ ಏರಿನಲ್ಲಿ ನಡುವಿನ ಚೈನು ಕಳಚಿತು. ಅಂಗಡಿಯಲ್ಲಿ ನಾನೇ ಅವಸರಕ್ಕೆ ಅದನ್ನು ಸಾಕಷ್ಟು ಬಿಗಿ ಮಾಡಿರಲಿಲ್ಲ. ಒಂದು ಬಂಡೆಯ ಪಕ್ಕಕ್ಕೆ ನಿಲ್ಲಿಸಿ, ಟೀಚರಿಗೆ ಹಿಂದಿನ ಪೆಡಲನ್ನು ಕೈಯಿಂದ ತಿರುಗಿಸಲು ಹೇಳಿ, ಎರಡೂ ಕಡೆಯ ಪೆಡಲು ಒಂದೇ ನೇರಕ್ಕೆ ಬರುವಂತೆ ಚೈನು ಕೂರಿಸಿದೆ. ಸರಿಮಾಡುವಾಗ ಅವರು ಇನ್ನೊಂದು ಕೈಯನ್ನು ಬಂಡೆಯ ಮೇಲಿಟ್ಟಿದ್ದರು.

"ಹಂಪಿ ಬಂತೇನು?" ಅಂದರು.

"ಇದು ಹಂಪಿ ಕಡೆಯ ಕಲ್ಲೇ ಐತ್ರಿ."

"ಬೆಚ್ಚಗ ಐತಲ್ಲ. ಮಳ್ಯಾಗೂ."

ನಾನೂ ಮುಟ್ಟಿ ನೋಡಿದೆ. ಹೌದು, ನಿನ್ನೆಯ ಬಿಸಿಲೋ ಏನೋ, ಒಳಗೆ ಉಳಿದಿತ್ತು.

ಬುಕ್ಕಸಾಗರದ ಆಚೆ ರಸ್ತೆ ಕಿರಿದಾಯಿತು. ಎರಡೂ ಕಡೆ ಬಾಳೆ ತೋಟ, ಕಬ್ಬು. ಎದುರಿಗೆ ಬಾಳೆಗೊನೆ ತುಂಬಿದ ಟ್ರ್ಯಾಕ್ಟರು, ಹಿಂದಿನಿಂದ ಹಾರ್ನ್ ಹಾಕುತ್ತ ಬಸ್ಸು. ಎರಡೂ ಒಂದೇ ಸಲ ನಮ್ಮ ಪಕ್ಕಕ್ಕೆ ಬಂದವು. ಬಸ್ಸಿನ ನೀರು ಅಲೆಯಂತೆ ಮುಖಕ್ಕೆ ಬಡಿಯಿತು. ಕಣ್ಣು ಕತ್ತಲಾಯಿತು. ನಾನು ಹ್ಯಾಂಡಲ್ ನೇರ ಹಿಡಿದೆ, ಅಷ್ಟೇ. ಬಾಯಿಂದ ಮಾತು ಹೊರಡಲಿಲ್ಲ. ಬಸ್ಸು ದಾಟಿ ಎಷ್ಟೋ ಹೊತ್ತಾದರೂ ಹೊರಡಲಿಲ್ಲ. ನಂಟಿನ ಚೈನಿನಲ್ಲಿ ಅವರ ಕಾಲು ಬಿಗಿಯುವುದು ನನ್ನ ಕಾಲಿಗೆ ತಿಳಿಯುತ್ತಿತ್ತು.

"ತಂಗಿ. ಏನಾತು? ಮಾತಾಡು."

"ಬಸ್ ಹೋತ್ರಿ. ಏನಿಲ್ಲ. ರಸ್ತೆ ಖಾಲಿ ಐತಿ."

"ಮಳಿ ಇದ್ರೂ ನಡೀತೈತಿ, ಲಾರಿ ಇದ್ರೂ ನಡೀತೈತಿ. ನೀ ಸುಮ್ನಾದ್ರ ಮಾತ್ರ ನಂಗ ಏನೂ ಕಾಣಂಗಿಲ್ಲ ನೋಡು."

ಆಮೇಲೆ ನಾನು ಸುಮ್ಮನಾಗಲಿಲ್ಲ. ಎಚ್ಚರಿಕೆಯ ಮಾತು ಮುಗಿದರೆ ಕಂಡದ್ದನ್ನು ಹೇಳಿದೆ. ಬಾಳೆ ಎಲೆ ಸೀಳಿ ಜೋತಿರುವುದು, ಗೊಬ್ಬರದ ಚೀಲವನ್ನು ತಲೆಯ ಮೇಲೆ ಕುಂಚಿಗೆ ಮಾಡಿಕೊಂಡು ನಡೆದು ಬರುತ್ತಿದ್ದ ಹೆಂಗಸರು, ಕಾಲುವೆಯ ನೀರು ದಂಡೆಗೆ ಬಂದದ್ದು. ಟೀಚರ್ ಪ್ರಶ್ನೆ ಹಾಕಿದರು, ನಾನು ಉತ್ತರಿಸಿದೆ. ರಾಮಸಾಗರದ ಹತ್ತಿರ ಮಳೆ ಸಣ್ಣಗಾಯಿತು. ಯಾವಾಗಿನಿಂದಲೋ ಗೊತ್ತಿಲ್ಲ, ಪೆಡಲು ಹಗುರವಾಗಿತ್ತು. ನಾನು ಹೇಳುವ ಮೊದಲೇ ನಾನು ನಿಧಾನ ಮಾಡುವುದು ಅವರಿಗೆ ತಿಳಿಯುತ್ತಿತ್ತು. ಅವರು ಜೋರು ಮಾಡಿದರೆ ನಾನು ಕೇಳದೆ ಗೇರು ಬದಲಿಸುತ್ತಿದ್ದೆ.

ಕಂಪ್ಲಿಯಲ್ಲಿ ನಮಗೆ ರಾತ್ರಿಗೆ ಜಾಗ ಕೊಟ್ಟಿದ್ದವರು ಅಕ್ಕಿ ಗಿರಣಿಯ ಮಾಲೀಕರು. ಗೋದಾಮಿನ ಒಂದು ಭಾಗ ಗುಡಿಸಿ ಚಾಪೆ ಹಾಸಿದ್ದರು. ಮನೆಯ ಹಿರಿಯ ಹೆಂಗಸು ಬಾಗಿಲಲ್ಲೇ ನಿಂತು "ಬರ್ರಿ, ಬರ್ರಿ, ಬಿಸಿನೀರು ಕಾದೈತಿ, ಮೊದಲ ಮೈ ತೊಳಕೊಳ್ರಿ, ಕೂಸುಗಳು ಹೊಲಾ ಹೂಡಿದ ಎತ್ತಿನಂಗ ಆಗ್ಯಾವು" ಅಂದರು. ತಂಡದ ಅರ್ಧದಷ್ಟು ಮಂದಿ ಐವತ್ತು ದಾಟಿದವರು. ಕೂಸುಗಳೆಲ್ಲ ಸಾಲಾಗಿ ಬಚ್ಚಲಿಗೆ ಹೋದವು.

ಅನ್ನ ಸಾರು ಉಂಡು ಎಲ್ಲರೂ ಕೂತಾಗ ಲೀಡರ್ ಮರುದಿನದ ಮಾತು ತೆಗೆದ. ನದಿ ದಾಟಿ ಗಂಗಾವತಿ, ಅಲ್ಲಿಂದ ಮುಂದಕ್ಕೆ ಬೀದರಿನವರೆಗೆ ಇನ್ನೂ ಸಾಕಷ್ಟು ದಾರಿ. ಅವನು ನನ್ನ ಕಡೆ ತಿರುಗಿದ.

"ಅಕ್ಕಾ, ಇವತ್ತು ಆತು. ನಾಳಿಂದ ಹೆಂಗ? ನೀವು ಮುಂದಿನ ಸೀಟಿಗೆ ಹೋದ್ರ ವ್ಯಾನಿನ್ಯಾಗ ಮೆಕ್ಯಾನಿಕ್ ಯಾರು? ಪಂಕ್ಚರ್ ಆದ್ರ ಯಾರು ನೋಡಬೇಕು? ದಿನಾ ಸಂಜೀಕ ಇಷ್ಟು ಸೈಕಲ್ ಯಾರು ತೊಳೀಬೇಕು?"

ಅವನು ಕೇಳಿದ್ದು ಸರಿಯೇ. ಟೀಚರ್ ತಲೆ ತಗ್ಗಿಸಿ ಕೂತಿದ್ದರು. ಅವರು ಇನ್ನೊಮ್ಮೆ ಬಾಯಿ ಬಿಟ್ಟು ಕೇಳುವವರಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ನಾನು ಎರಡೂ ಕೆಲಸ ಮಾಡುತ್ತೇನೆ ಎಂದು ಹೇಳಬೇಕೆಂದಿದ್ದೆ. ಆದೀತೇ ಎಂದು ನನಗೇ ನಂಬಿಕೆಯಿರಲಿಲ್ಲ.

ಯಜಮಾನರು ಗೋಡೆಗೆ ಒರಗಿಕೊಂಡಿದ್ದರು. ಪ್ಲಾಸ್ಟರು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ನೆಟ್ಟಗೆ ಕೂತರು.

"ತೊಳಿಯಾಕ, ಎಣ್ಣಿ ಬಿಡಾಕ ಒಂದ್ ಕೈ ಸಾಕು" ಅಂದರು. "ಬಲಗೈ ಚಂದಾಗೇ ಐತಿ. ಪಂಕ್ಚರ್ ಹಾಕೋದು ಈಕಿ ನಂಗ ಕಲಸಲಿ. ನಾ ಹಿಡಕೊಳ್ಳಾಕಾಗದಿದ್ರ ಡ್ರೈವರ್ ಹಿಡಕೋತಾನ. ದೊಡ್ಡ ಕೆಲಸ ಬಂದ್ರ ಸಂಜೀಕ ಈಕೀನ ನೋಡ್ತಾಳ."

ಟೀಚರ್ ಗಂಡನ ಕಡೆ ಮುಖ ತಿರುಗಿಸಿದರು. "ವ್ಯಾನಿನ್ಯಾಗ ಕುಂತು ನಿಮಗ ಬ್ಯಾಸರಾಗಂಗಿಲ್ಲೇನ್ರಿ?"

"ಆಗ್ತೈತಿ" ಅಂದರು ಅವರು. "ಆದ್ರ ಇವತ್ತು ಹಿಂದಿನಿಂದ ನೋಡಿದೆ. ನೀ ತುಳಿಯೋದು ನಾ ಯಾವತ್ತೂ ನೋಡೇ ಇರಲಿಲ್ಲ ನೋಡು."

ಲೀಡರ್ "ಆತು ಹಂಗಾದ್ರ" ಅಂದು ಮಲಗಲು ಎದ್ದ.

ಬೆಳಗ್ಗೆ ನಾನು ಎದ್ದು ಹೊರಗೆ ಬಂದಾಗ ಗಿರಣಿಯ ಅಂಗಳದಲ್ಲಿ ಬೆಳಕಾಗಿತ್ತು, ಮೋಡ ಚದುರಿತ್ತು. ಯಜಮಾನರು ನನಗಿಂತ ಮೊದಲೇ ಎದ್ದಿದ್ದರು. ಪಂಪನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು, ಒಂದೇ ಕೈಯಲ್ಲಿ ಜೋಡಿ ಸೈಕಲ್‌ನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಏದುಸಿರು ಬಿಡುತ್ತಿದ್ದರು. ನಾನು ಸಹಾಯಕ್ಕೆ ಹೋಗಲಿಲ್ಲ. ಟಯರು ಒತ್ತಿ ನೋಡಿ, "ಇನ್ನೊಂಚೂರು ಬೇಕ್ರಿ" ಅಂದೆ.